ಮುಳ್ಳಿಲ್ಲದ ಗಿಡ ಗೀರಿದ್ದು

ಅಕ್ಕನ ಬಾಯಿ ಎಂಥದೆಂದರೆ, "ಇವತ್ತು ಮಳೆ ಬರುತ್ತೆ" ಎಂದು ಅವಳೊಮ್ಮೆ ಹೇಳಿಬಿಟ್ಟರೆ ಆಕಾಶಕ್ಕೆ ಬೇರೆ ದಾರಿಯೇ ಇರುತ್ತಿರಲಿಲ್ಲ. ಎಲ್ಲಿಂದಲೋ ಒಂದು ಮೋಡವನ್ನು ಕುತ್ತಿಗೆ ಹಿಡಿದು ಎಳೆತಂದು ನಾಲ್ಕು ಹನಿ ಉದುರಿಸಿ ಅದು ಮರ್ಯಾದೆ ಉಳಿಸಿಕೊಳ್ಳುತ್ತಿತ್ತು. ಅವಳು ನೋಡಿಕೊಳ್ಳುತ್ತಿದ್ದ ಬೆರಿ ಸಂಶೋಧನಾ ಕೇಂದ್ರದ ತೋಟದಲ್ಲಿ ಆ ಬಾಯಿಗೆ ಹೆದರದ ಗಿಡವಿರಲಿಲ್ಲ. ಹೂ ಬಿಡಲು ಸೋಮಾರಿತನ ಮಾಡಿದ ಗಿಡದ ಮುಂದೆ ಅವಳು ಸೊಂಟಕ್ಕೆ ಕೈಯಿಟ್ಟು ನಿಂತರೆ ಸಾಕು, ಮಾರನೆಯ ದಿನ ಮೊಗ್ಗು. ಮುಖ್ಯಸ್ಥರು ಕೂಡ ಅವಳು ಎದುರು ಬಂದರೆ ಅಂಗಿಯ ಮೇಲಿನ ಗುಂಡಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಅಂಥ ಅಕ್ಕ ತೀರಿಕೊಂಡು ಎರಡು ಹಣ್ಣಿನ ಕಾಲ ಕಳೆದಿತ್ತು. ಆದರೂ ಅವಳು ತೋಟ ಬಿಟ್ಟು ಹೋಗಿಲ್ಲವೆಂದು ಮೇಸ್ತ್ರಿ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಅವನು ತೋಟದ ಆಳುಗಳಿಗೆಲ್ಲ ಯಜಮಾನ. ಒಂದು ಮೀಸೆಯಲ್ಲಿ ಮೂರು ಜನರ ಮೀಸೆಗೆ ಆಗುವಷ್ಟು ಕೂದಲು, ಆ ಮೀಸೆಯ ಹಿಂದೆ ಮೊಲದಂಥ ಗುಂಡಿಗೆ. ಅವನ ಬಳಿ ಸಾಕ್ಷಿಯೂ ಇತ್ತು. ಅಂಗಿಯ ತೋಳು ಮೇಲೆತ್ತಿ ಮುಂಗೈಯ ಗೀರುಗಳನ್ನು ತೋರಿಸುತ್ತಿದ್ದ. ಅವು ಅಕ್ಕ ತಂದು ನೆಟ್ಟಿದ್ದ ಕಪ್ಪು ಬೆರಿ ಗಿಡದಲ್ಲಿ ಹಣ್ಣು ಕೀಳುವಾಗ ಆದ ಗೀರುಗಳು. ಅಕ್ಕನ ಗಿಡದಲ್ಲಿ ಮಾತ್ರ ಒಂದೇ ಒಂದು ಮುಳ್ಳಿರಲಿಲ್ಲ.

ಮಜಾ ಇದ್ದದ್ದು ಅಲ್ಲೇ. ಉಳಿದ ಕಪ್ಪು ಬೆರಿ ಗಿಡಗಳೆಲ್ಲ ಅಡಿಯಿಂದ ಮುಡಿಯವರೆಗೆ ಮುಳ್ಳು. ಅವುಗಳ ಪಕ್ಕ ಹಾದುಹೋಗುವ ಗಾಳಿಯೂ ಹರಿದ ಬಟ್ಟೆಯಲ್ಲಿ ಆಚೆ ಹೋಗಬೇಕು. ಅಕ್ಕನ ಗಿಡ ಹಾವಿನ ಮೈಯಂತೆ ನುಣುಪು. ಅದಕ್ಕಾಗಿಯೇ ಕೇಂದ್ರದ ಹೆಬ್ಬಾಗಿಲಲ್ಲಿ ಒಂದು ಫಲಕವಿತ್ತು: ಈ ಅಪರೂಪದ ತಳಿಯನ್ನು ಅಕ್ಕ ತನ್ನ ಹದಿಹರೆಯದಲ್ಲಿ ಒಂದು ಕಡಿದಾದ ಬಂಡೆಯ ನೆತ್ತಿಯಿಂದ, ಪ್ರಾಣದ ಹಂಗು ತೊರೆದು ತಂದಳು ಎಂದು ಅದರಲ್ಲಿ ಬರೆದಿತ್ತು. ಫಲಕದಲ್ಲಿ ಬರೆಯದೆ ಬಿಟ್ಟ ಕರಡಿಯನ್ನೂ, ಹಗ್ಗವಿಲ್ಲದೆ ಇಳಿದ ಕಮರಿಯನ್ನೂ, ಬಂಡೆಯ ಮೇಲೆ ಅವಳಿಗೆ ದಾರಿ ತೋರಿಸಿದ ಹದ್ದನ್ನೂ ಅಕ್ಕ ಬಾಯಿಮಾತಿನಲ್ಲಿ ತುಂಬಿಕೊಡುತ್ತಿದ್ದಳು. ವರ್ಷ ಕಳೆದಂತೆ ಬಂಡೆ ಬೆಳೆಯುತ್ತ ಹೋಯಿತು. ಅವಳು ಸಾಯುವ ಹೊತ್ತಿಗೆ ಅದರ ತುದಿಗೆ ಹಿಮ ಬೀಳುತ್ತಿತ್ತು.

ಈ ಅಕ್ಕನ ಒಡಹುಟ್ಟಿದ ತಂಗಿಯೇ ಕೇಂದ್ರದ ಪ್ರಯೋಗಾಲಯದಲ್ಲಿ ಹಣ್ಣು ಅಳೆಯುವವಳು. ವರ್ಷವಿಡೀ ಬೆರಿ ರಸ ಹಿಂಡಿ ಹಿಂಡಿ ಅವಳ ಬೆರಳುಗಳು ಮೊದಲ ಗೆಣ್ಣಿನವರೆಗೂ ಮಾಗಿದ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ತೋಟದವರು ಅವಳನ್ನು ಬಣ್ಣದ ಮೇಡಂ ಎನ್ನುತ್ತಿದ್ದರು. ಕಣ್ಣಿನ ಕೆಳಗಿನಿಂದ ಕಿವಿಯವರೆಗೆ ಅವಳ ಕೆನ್ನೆಯ ಮೇಲೆ ಒಂದು ಹಳೆಯ ಗೀರುಗಾಯದ ಕಲೆಯಿತ್ತು. ಅದನ್ನು ನೋಡಿಯೂ ನೋಡದಂತೆ ಎಲ್ಲರೂ ಮಾತಾಡುತ್ತಿದ್ದರು.

ಅವಳ ಕೆಲಸ ಹೇಳಲು ಸುಲಭ. ನೇರಳೆ ಬಣ್ಣದ ಒಂದು ದ್ರಾವಣವಿರುತ್ತದೆ. ಅದಕ್ಕೆ ಹಣ್ಣಿನ ರಸ ಒಂದೆರಡು ಹನಿ ಬಿಡಬೇಕು. ರಸದಲ್ಲಿ ಆಂಟಿಆಕ್ಸಿಡೆಂಟ್ ಇದ್ದರೆ, ಅಂದರೆ ಜೀವಕೋಶಗಳಿಗೆ ತುಕ್ಕು ಹಿಡಿಯದಂತೆ ಕಾಯುವ ಸತ್ವವಿದ್ದರೆ, ನೇರಳೆ ಬಣ್ಣ ಮೆಲ್ಲಗೆ ಆರಿ ಹಳದಿಯಾಗುತ್ತದೆ. ಎಷ್ಟು ಬಣ್ಣ ಮಾಯವಾಯಿತೋ ಅಷ್ಟು ಸತ್ವ. ಅಕ್ಕನ ಗಿಡದ ಹಣ್ಣು ಬಂದ ದಿನ ಈ ಪರೀಕ್ಷೆ ನೋಡಲು ಗುಮಾಸ್ತರೆಲ್ಲ ಬಾಗಿಲಲ್ಲಿ ಗುಂಪು ಕಟ್ಟುತ್ತಿದ್ದರು. ಹನಿ ಬೀಳುವುದಕ್ಕೆ ಮುಂಚೆಯೇ, ಅದು ಪಿಪೆಟ್ಟಿನ ಗಾಜುಕೊಳವೆಯ ತುದಿಯಲ್ಲಿ ಕಾಣಿಸಿಕೊಂಡೊಡನೆ, ನೇರಳೆ ಬಣ್ಣ ಗಂಟುಮೂಟೆ ಕಟ್ಟುತ್ತಿತ್ತು ಎಂದು ಅವರು ಇಂದಿಗೂ ಆಣೆ ಮಾಡುತ್ತಾರೆ.

ಅಕ್ಕ ಹೋದಮೇಲೆ ಆ ಆಟ ನಿಂತಿತು. ಮೊದಲ ವರ್ಷ ದ್ರಾವಣದ ತಳದಲ್ಲಿ ನಸು ನೇರಳೆ ಉಳಿಯಿತು. ಈ ವರ್ಷ ಮೇಸ್ತ್ರಿ ತಂದುಕೊಟ್ಟ ಹಣ್ಣುಗಳೇ ಪುಟ್ಟದಾಗಿ, ಮಂಕಾಗಿ, ನೋಡುವವರ ಕಣ್ಣು ತಪ್ಪಿಸುವಂತೆ ಇದ್ದವು. ತಂಗಿ ಹನಿ ಬಿಟ್ಟು ಕಾದಳು. ಬಣ್ಣ ಅಲ್ಲಾಡಲಿಲ್ಲ. ಗಾಜಿನ ಪುಟ್ಟ ಬಟ್ಟಲಿನೊಳಗಿಂದ ಅದು ಮಿಟುಕದ ಕಣ್ಣಿನಂತೆ ಅವಳನ್ನು ನೋಡುತ್ತಲೇ ಇತ್ತು. ಅವಳು ಯಂತ್ರವನ್ನು ಒರೆಸಿದಳು, ದ್ರಾವಣ ಬದಲಿಸಿದಳು, ಮತ್ತೆ ಮಾಡಿದಳು. ಅದೇ ನೋಟ.

"ಗಿಡ ಶೋಕ ಮಾಡ್ತಿದೆ ಮೇಡಮ್ಮೋರೆ," ಎಂದ ಮೇಸ್ತ್ರಿ ಬಾಗಿಲಿನಿಂದಲೇ. "ಮುಟ್ಟಿದೋರನ್ನ ಪರಚುತ್ತೆ, ಸತ್ವ ಬಿಟ್ಟುಕೊಡಲ್ಲ. ಅಕ್ಕಾವ್ರು ಅದರೊಳಗೇ ಇದ್ದಾರೆ."

ತಂಗಿ ನಕ್ಕು ಅವನನ್ನು ಕಳಿಸಿದಳು. ನಕ್ಕದ್ದೇನೋ ನಿಜ, ಆದರೆ ಅಕ್ಕ ಹೋದಾಗಿನಿಂದ ಆ ಗಿಡದ ಸಾಲಿನ ಕಡೆ ಅವಳು ಒಂದು ಸಲವೂ ಕಾಲಿಟ್ಟಿರಲಿಲ್ಲ ಎಂಬುದೂ ಅಷ್ಟೇ ನಿಜ. ಊಟಕ್ಕೆ ಹೋಗಲು ಹತ್ತಿರದ ದಾರಿ ಬಿಟ್ಟು ಗೊಬ್ಬರದ ಕೋಣೆಯ ಹಿಂದಿನಿಂದ ಸುತ್ತಿಕೊಂಡು ಹೋಗುತ್ತಿದ್ದಳು.

ಆಗಲೇ ಬಂತು ಸ್ಥಳಾಂತರದ ಸುದ್ದಿ. ತೋಟದ ಜಾಗದಲ್ಲಿ ಹೆದ್ದಾರಿ ಬರುತ್ತದೆ, ಕೇಂದ್ರ ಬೇರೆ ಕಡೆ ಹೋಗಬೇಕು. ಹೊಸ ಜಾಗ ಎಷ್ಟು ಚಿಕ್ಕದೆಂದರೆ ಅಲ್ಲಿ ಸೀನಿದರೆ ಬೇಲಿಯಾಚೆಯವನು ಮೂಗು ಒರೆಸಿಕೊಳ್ಳಬೇಕು. ಎಲ್ಲ ಗಿಡಗಳನ್ನೂ ಒಯ್ಯುವಂತಿರಲಿಲ್ಲ. ಹಾಗಾಗಿ ಪ್ರತಿ ಗಿಡದ ಎಲೆಯಿಂದಲೂ ಡಿಎನ್‌ಎ ತೆಗೆದು ಅದರ ಬೆರಳಚ್ಚು ನೋಡಬೇಕು, ಎರಡು ಗಿಡಗಳ ಅಚ್ಚು ಒಂದೇ ಆಗಿದ್ದರೆ ಅವು ಒಂದೇ ಗಿಡವೆಂದು ತಿಳಿದು ಒಂದನ್ನು ಮಾತ್ರ ಉಳಿಸಬೇಕು, ಇನ್ನೊಂದನ್ನು ಕಿತ್ತು ಸುಡಬೇಕು ಎಂದು ತೀರ್ಮಾನವಾಯಿತು. ಅದರಲ್ಲಿ ತಪ್ಪೇನಿಲ್ಲ. ಒಂದೇ ರಕ್ತದ ಗಿಡಗಳನ್ನೇ ತುಂಬಿಕೊಂಡರೆ ಒಂದು ರೋಗಕ್ಕೆ ಎಲ್ಲವೂ ಒಟ್ಟಿಗೆ ಮಲಗುತ್ತವೆ. ಬಗೆಬಗೆಯ ರಕ್ತವಿದ್ದರೆ ಯಾವುದಾದರೊಂದು ಎದ್ದು ನಿಲ್ಲುತ್ತದೆ. ಆ ಬಗೆಯನ್ನು ಕಾಪಾಡಲೆಂದೇ ಕೇಂದ್ರ ಹುಟ್ಟಿದ್ದು.

ಮೇಸ್ತ್ರಿ ಎಲೆ ಕಿತ್ತು ತಂದ. ತಂಗಿ ಅವನ್ನು ಅರೆದು, ಸೋಸಿ, ಯಂತ್ರಗಳಲ್ಲಿ ಗರಗರ ತಿರುಗಿಸಿ, ಕೊನೆಗೆ ಕತ್ತಲೆಯ ಪೆಟ್ಟಿಗೆಯೊಳಗೆ ದೀಪ ಹಾಕಿದಳು. ಒಂದೊಂದು ಗಿಡದ ಅಚ್ಚೂ ಏಣಿಯ ಮೆಟ್ಟಿಲುಗಳಂತೆ ಹೊಳೆಯುವ ಗೆರೆಗಳಾಗಿ ಮೂಡಿತು. ಅಕ್ಕನ ಗಿಡದ ಏಣಿಗೆ ಜೋಡಿಯಿರಲಾರದು ಎಂದು ಎಲ್ಲರಿಗೂ ಗೊತ್ತಿತ್ತು. ಹಿಮ ಬೀಳುವ ಬಂಡೆಯ ಗಿಡವಲ್ಲವೇ ಅದು.

ಜೋಡಿಯಿತ್ತು. ಕೊನೆಯ ಸಾಲಿನ ಕೊನೆಯ ಗಿಡ. ಮೆಟ್ಟಿಲಿಗೆ ಮೆಟ್ಟಿಲು, ಗೆರೆಗೆ ಗೆರೆ, ಕನ್ನಡಿಯಲ್ಲಿ ನೋಡಿದ ಹಾಗೆ.

ಆ ಕೊನೆಯ ಗಿಡ ಯಾವುದೆಂದು ತಂಗಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅದು ಅವರ ತವರುಮನೆಯ ಹಿತ್ತಲಿನದು. ಮುಳ್ಳಿನ ರಾಕ್ಷಸ. ಅವಳು ಐದಾರು ವರ್ಷದವಳಿದ್ದಾಗ ಓಡುತ್ತ ಹೋಗಿ ಅದರ ಮೇಲೆ ಬಿದ್ದಿದ್ದಳು. ಕೆನ್ನೆಯ ಮೇಲಿನ ಗೆರೆ ಅದು ಬರೆದದ್ದು. ಇನ್ನು ಬೆರಳಗಲ ಮೇಲೆ ಹೋಗಿದ್ದರೆ ಕಣ್ಣೇ ಹೋಗುತ್ತಿತ್ತು. ಅಮ್ಮ ಅವತ್ತೇ ಗಿಡವನ್ನು ಬುಡಸಮೇತ ಕಡಿಸಿ ಸುಡಿಸಿದ್ದಳು, ಗಿಡದ ಹೆಸರನ್ನು ಯಾರೂ ಮನೆಯಲ್ಲಿ ಎತ್ತುವ ಹಾಗಿರಲಿಲ್ಲ. ಬೇರು ಮಾತ್ರ ಅಮ್ಮನ ಮಾತು ಕೇಳಲಿಲ್ಲ. ಪ್ರತಿ ವರ್ಷ ಗೋಡೆಯ ಬದಿಯಲ್ಲಿ ಎದ್ದು ಬರುತ್ತಿತ್ತು. ಅಮ್ಮ ಹೋಗಿ, ಮನೆ ಬೇರೆಯವರ ಪಾಲಾಗುವ ದಿನ, ಆ ಮನೆಯಲ್ಲಿ ಇನ್ನೂ ಜೀವಂತವಾಗಿರುವುದು ಇದೊಂದೇ ಎನಿಸಿ ತಂಗಿ ಒಂದು ತುಂಡು ಬೇರನ್ನು ಅಗೆದು ತಂದು ಕೇಂದ್ರಕ್ಕೆ ಕೊಟ್ಟಿದ್ದಳು. ಅಕ್ಕ ಅದನ್ನು ನೋಡಿದ ದಿನ ಅವಳಿಗೆ ನೆನಪಿತ್ತು. ಜಗತ್ತಿನ ಎಲ್ಲ ವಿಷಯಕ್ಕೂ ಒಂದು ಗಂಟೆಯ ಭಾಷಣ ಸಿದ್ಧವಿಟ್ಟುಕೊಂಡಿದ್ದ ಅಕ್ಕ, "ಇದನ್ನ ಯಾಕೆ ತಂದೆ ಕೂಸೇ?" ಎಂದಷ್ಟೇ ಕೇಳಿ, ತಾನೇ ಎತ್ತಿಕೊಂಡು ಹೋಗಿ ತೋಟದ ಕಟ್ಟಕಡೆಯ ಮೂಲೆಯಲ್ಲಿ ನೆಟ್ಟು ಬಂದಿದ್ದಳು.

ಎಲೆ ಅದಲುಬದಲಾಗಿದೆ ಎಂದುಕೊಂಡಳು ತಂಗಿ. ಹಣ್ಣು ಕೀಳಲು ಹೋಗಿ ಗೀರಿಸಿಕೊಂಡಿದ್ದ ಮೇಸ್ತ್ರಿ ಈ ಸಲ ಭಯದಲ್ಲಿ ಅಕ್ಕನ ಗಿಡದ ಹತ್ತಿರವೇ ಹೋಗದೆ ಸಿಕ್ಕ ಎಲೆ ಕಿತ್ತಿರಬೇಕು. ಹಾಗಾದರೆ ತಾನೇ ಹೋಗಬೇಕು.

ಬೆಳಗಿನ ಬಿಸಿಲು ಇನ್ನೂ ಕಾವೇರಿರಲಿಲ್ಲ. ಸಾಲುಗಳ ನಡುವೆ ಮಂಜು ಮೊಣಕಾಲೆತ್ತರಕ್ಕೆ ನಿಂತು, ಅವಳು ಹೆಜ್ಜೆಯಿಟ್ಟ ಕಡೆ ಬಿಚ್ಚಿಕೊಂಡು ಹಿಂದೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅಕ್ಕನ ಗಿಡ ಮನೆಯಷ್ಟು ದೊಡ್ಡದಾಗಿ ಪೊದೆ ಕಟ್ಟಿತ್ತು. ನುಣುಪು ಬಳ್ಳಿಗಳು ಹೊರಗಡೆಗೆ ಬಾಗಿ ನೆಲ ಮುಟ್ಟಿದ್ದವು. ಅದರ ಸುತ್ತ ಮೂರು ಮಾರು ದೂರ, ಹಣ್ಣು ಕಿತ್ತ ಮೇಸ್ತ್ರಿಯದೊಂದು ಜಾಡು ಬಿಟ್ಟರೆ, ಯಾರ ಹೆಜ್ಜೆಯೂ ಇರಲಿಲ್ಲ. ಕಳೆ ಕೀಳುವವರೂ ಅಲ್ಲಿಗೆ ಬಂದು ನಿಂತು ವಾಪಸು ಹೋಗಿದ್ದರು. ಅಕ್ಕ ಬದುಕಿದ್ದಾಗಲೂ ಹಾಗೇ. "ನನ್ನ ಗಿಡ ಮುಟ್ಟಿದೋರ ಕೈ ಕತ್ತರಿಸಿ ಗೊಬ್ಬರಕ್ಕೆ ಹಾಕ್ತೀನಿ" ಎಂಬ ಅವಳ ಆಜ್ಞೆ ಇನ್ನೂ ಚಾಲ್ತಿಯಲ್ಲಿತ್ತು.

ಹೊರಗಿನ ಎಲೆ ಸಾಲದು, ನಟ್ಟನಡುವಿನಿಂದಲೇ ಕೀಳಬೇಕು ಎಂದು ತಂಗಿ ಮಂಡಿಯೂರಿ ಕೈಯನ್ನು ಮೊಣಕೈವರೆಗೆ ಒಳಗೆ ಚಾಚಿದಳು. ಒಳಗೆ ತಣ್ಣಗಿತ್ತು. ಒದ್ದೆ ಮಣ್ಣಿನ ಜೊತೆ ಬೇರೆ ಯಾವುದೋ ವಾಸನೆ. ತವರಿನ ಹಿತ್ತಲಿನ ಬಚ್ಚಲುನೀರಿನ ವಾಸನೆ ಎಂದು ಅವಳ ಮೂಗು ಹೇಳಿತು, ಅವಳು ಮೂಗಿನ ಮಾತು ನಂಬಲಿಲ್ಲ. ಬೆರಳು ಎಲೆಯನ್ನು ಹುಡುಕಿತು. ಆಗ ಒಳಗಿನಿಂದ ಯಾರೋ ಅವಳ ಮುಂಗೈಯನ್ನು ಉಗುರಿನಿಂದ ಉದ್ದಕ್ಕೆ, ನಿಧಾನವಾಗಿ ಗೀರಿದರು.

ಅವಳು ಕಿರುಚಲಿಲ್ಲ. ಕಿರುಚಲು ಗಂಟಲು ಬೇಕು. ಅದು ಆಗಲೇ ಪ್ರಯೋಗಾಲಯ ತಲುಪಿ ಬಾಗಿಲು ಹಾಕಿಕೊಂಡಿತ್ತು. ಕೈ ಎಳೆದುಕೊಂಡಾಗ ರಕ್ತ ಒಂದು ಗೆರೆಯಾಗಿ ನಿಂತಿತ್ತು. ಕೆನ್ನೆಯ ಮೇಲಿನ ಹಳೆಯ ಗೆರೆ ಚುರುಕ್ಕೆಂದಿತು.

ಆ ಹೊತ್ತಿನಲ್ಲಿ ಬೇರೆ ಯಾರೇ ಆಗಿದ್ದರೂ ಊರು ಬಿಟ್ಟು ಓಡುತ್ತಿದ್ದರು. ತಂಗಿಯೂ ಓಡಿದಳು. ಅಲ್ಲಿಂದ ಸೀದಾ ಭಾವನ ಮನೆಗೆ.

ಭಾವ, ಅಂದರೆ ಅಕ್ಕನ ಗಂಡ, ಕೇಂದ್ರದ ಲಾರಿ ಓಡಿಸುವವನು. ಇಬ್ಬರು ಮಾತಾಡಬೇಕಾದ ಮಾತನ್ನೂ ಹೆಂಡತಿ ಒಬ್ಬಳೇ ಆಡುತ್ತಿದ್ದುದರಿಂದ ಅವನಿಗೆ ಮಾತು ರೂಢಿಯಾಗಿರಲಿಲ್ಲ. ಹಜಾರದಲ್ಲಿ ಅಕ್ಕನ ಕುರ್ಚಿ ಕಿಟಕಿಯ ಕಡೆ ತಿರುಗಿಕೊಂಡೇ ಇತ್ತು. ಅವನು ತಂಗಿಯ ಕೈ ನೋಡಿದ. ಒಳಗೆ ಹೋಗಿ ಅರಿವೆ ತಂದು ಕಟ್ಟಿದ. ಕಟ್ಟುತ್ತ, ಈ ಮನೆಯಲ್ಲಿ ಇಂಥ ಗೀರು ನೋಡಿ ಬಹಳ ದಿನವಾಯಿತು ಎಂದ.

ಯಾರ ಕೈಯಲ್ಲಿ ಎಂದು ತಂಗಿ ಕೇಳಿದಳು. ಭಾವ ಅಡುಗೆಮನೆಯ ಬಾಗಿಲ ಹಿಂದೆ ಬೆರಳು ತೋರಿಸಿದ. ಅಲ್ಲಿ ಮೊಳೆಗೆ ಒಂದು ಜೊತೆ ಚರ್ಮದ ಕೈಗವಸು ತೂಗುಬಿದ್ದಿತ್ತು. ಬೆರಳುಗಳು ಇನ್ನೂ ಅರ್ಧ ಮಡಚಿಕೊಂಡು ಏನನ್ನೋ ಹಿಡಿದ ಹಾಗೇ ಇದ್ದವು.

"ದಿನಾ ಬೆಳಿಗ್ಗೆ, ನಾವೆಲ್ಲ ಏಳೋಕೆ ಮುಂಚೆ, ಅದನ್ನ ಹಾಕ್ಕೊಂಡು ಹೋಗೋಳು," ಎಂದ ಭಾವ. "ಎಲ್ಲಿಗೆ ಅಂದ್ರೆ ಗಿಡದ ಹತ್ರ ಮಾತಾಡೋಕೆ ಅನ್ನೋಳು. ಮಾತಾಡೋಕೆ ಕೈಗವಸು ಯಾಕೆ ಅಂತ ಕೇಳಿದ್ರೆ ಜಗಳ. ಜ್ವರ ಬಂದಾಗಲೂ ಬಿಡಲಿಲ್ಲ. ಮದುವೆಯಾಗಿ ಇಷ್ಟು ವರ್ಷ ಒಂದು ಗಿಡದ ಮೇಲೆ ಹೊಟ್ಟೆಕಿಚ್ಚು ಪಟ್ಟೋನು ಲೋಕದಲ್ಲಿ ನಾನೊಬ್ಬನೇ ಇರಬೇಕು ನೋಡಮ್ಮ."

ತಂಗಿ ಕೈಗವಸನ್ನು ಮೊಳೆಯಿಂದ ತೆಗೆದು ಒಳಗೆ ಕೈ ಹಾಕಿದಳು. ಚರ್ಮ ಗಟ್ಟಿಯಾಗಿತ್ತು, ಆದರೂ ಅಕ್ಕನ ಕೈಯ ಆಕಾರ ಬಿಟ್ಟಿರಲಿಲ್ಲ. ಇನ್ನೊಬ್ಬರ ಕೈಯನ್ನು ಒಳಗಿನಿಂದ ಹಿಡಿದುಕೊಂಡಂತಾಯಿತು. ಹೆಬ್ಬೆರಳಿನ ಹೊಲಿಗೆಯ ಬಳಿ ಏನೋ ಚುಚ್ಚಿತು. ಬಿಡಿಸಿ ಅಂಗೈಯ ಮೇಲೆ ಇಟ್ಟುಕೊಂಡಳು. ಮುರಿದ ಮುಳ್ಳಿನ ಮೊನೆ. ಚರ್ಮವನ್ನು ಬೆಳಕಿಗೆ ಹಿಡಿದು ನೋಡಿದರೆ ಬೆರಳುಬೆರಳಿನ ತುಂಬ ಮೊನೆಗಳು ನೆಟ್ಟುಕೊಂಡಿದ್ದವು. ಆಕಾಶದಲ್ಲಿ ನಕ್ಷತ್ರ ಎಣಿಸಿ ಮುಗಿಸಿದವನು ಇವನ್ನು ಎಣಿಸಲು ಕೂರಬಹುದಿತ್ತು.

ಮುಳ್ಳಿಲ್ಲದ ಗಿಡದ ಹತ್ತಿರ ಮಾತಾಡಲು ಹೋದವಳ ಕೈಗವಸಿನಲ್ಲಿ ಇಷ್ಟು ಮುಳ್ಳು.

ಅವಳು ಕೈಗವಸು ಹಾಕಿಕೊಂಡೇ ತೋಟಕ್ಕೆ ಮರಳಿದಳು. ಈ ಸಲ ಬಿಸಿಲು ಏರಿತ್ತು. ನುಣುಪು ಬಳ್ಳಿಗಳನ್ನು ಪರದೆಯಂತೆ ಎರಡೂ ಕಡೆ ಸರಿಸಿದಳು. ಪೊದೆಯ ಎದೆಯೊಳಗೆ, ಬೇರಿನಿಂದ ನೇರವಾಗಿ ಎದ್ದು ಬಂದ ಚಿಗುರುಗಳು ಒತ್ತೊತ್ತಾಗಿ ನಿಂತಿದ್ದವು. ಎಲೆ ಅದೇ, ಹಸಿರು ಅದೇ, ಮೈತುಂಬ ಮುಳ್ಳು. ತವರಿನ ಹಿತ್ತಲ ರಾಕ್ಷಸ ಅಲ್ಲಿ ಬಗ್ಗಿ ಕುಳಿತು, ನುಣುಪು ಬಳ್ಳಿಗಳ ಸೆರಗಿನ ಮರೆಯಿಂದ ಅವಳನ್ನೇ ನೋಡುತ್ತಿತ್ತು.

ಇಂಥ ಗಿಡಗಳ ಬಗ್ಗೆ ಅವಳು ಓದಿದ್ದಳು, ಓದಿ ಪರೀಕ್ಷೆಯಲ್ಲಿ ಬರೆದು ಮರೆತಿದ್ದಳು. ಕಪ್ಪು ಬೆರಿಯ ಮುಳ್ಳು ಹುಟ್ಟುವುದು ತೊಗಟೆಯ ತೀರ ಹೊರಗಿನ ಪದರದಲ್ಲಿ. ಎಲ್ಲೋ ಒಂದು ಕುಡಿಯಲ್ಲಿ ಆ ಹೊರಪದರ ಮಾತ್ರ ಬದಲಾಗಿ ಮುಳ್ಳು ಮರೆತುಬಿಟ್ಟರೆ, ಆ ಕೊಂಬೆ ನುಣುಪಾಗುತ್ತದೆ. ಅದರ ತುದಿಯನ್ನು ಬಗ್ಗಿಸಿ ಮಣ್ಣಿನಲ್ಲಿ ಹೂತರೆ ನುಣುಪು ಗಿಡವೇ ಬರುತ್ತದೆ. ಒಳಗಿರುವುದು ಮಾತ್ರ ಹಳೆಯ ಗಿಡವೇ. ಒಂದು ಗಿಡದ ಚರ್ಮ ಹೊದ್ದು ಇನ್ನೊಂದು ಗಿಡ ಬದುಕಿರುತ್ತದೆ. ಬೇರಿನ ಒಡಲಿನಿಂದ ಹುಟ್ಟುವ ಚಿಗುರಿಗೆ ಆ ಚರ್ಮದ ಹಂಗಿಲ್ಲ. ಅದು ತನ್ನ ಹುಟ್ಟುಗುಣದಂತೆ ಮುಳ್ಳು ಹೊತ್ತೇ ಏಳುತ್ತದೆ. ಅಂಥ ಚಿಗುರುಗಳನ್ನು ಕಂಡಕಂಡಂತೆ ಕಿತ್ತುಹಾಕದಿದ್ದರೆ ಅವು ನೀರು, ಬೆಳಕು, ಗೊಬ್ಬರ ಎಲ್ಲವನ್ನೂ ನುಂಗಿ, ಮೇಲಿನ ನುಣುಪು ಗಿಡವನ್ನು ಬಡಕಲು ಮಾಡಿ ಕೊನೆಗೆ ಮುಗಿಸಿಬಿಡುತ್ತವೆ. ಮಂಕು ಹಣ್ಣು, ಅಲ್ಲಾಡದ ನೇರಳೆ ಬಣ್ಣ, ಮೇಸ್ತ್ರಿಯ ಗೀರು, ಎಲ್ಲದರ ಬೇರೂ ಇದೇ.

ಅಂದರೆ ಬಂಡೆಯಿರಲಿಲ್ಲ. ಕರಡಿಯೂ ಇರಲಿಲ್ಲ. ತಂಗಿ ಪೊದೆಯ ಮುಂದೆ ಮಣ್ಣಿನಲ್ಲೇ ಕುಳಿತುಬಿಟ್ಟಳು.

ಆಗ ಮರೆತಿದ್ದೊಂದು ದಿನ ಹಿಂದಿನಿಂದ ಬಂದು ಅವಳ ಭುಜ ಮುಟ್ಟಿತು. ಕೆನ್ನೆಯ ಗಾಯ ಮಾಗುವ ಕಾಲ. ಅವಳು ಹಿತ್ತಲ ಬಾಗಿಲು ಕಂಡರೆ ಸಾಕು ಅಮ್ಮನ ಸೀರೆ ಹಿಡಿದುಕೊಂಡು ನಡುಗುತ್ತಿದ್ದಳು. ಹಸಿರು ಬಣ್ಣದ ಯಾವುದನ್ನೂ ಮುಟ್ಟುತ್ತಿರಲಿಲ್ಲ, ತಟ್ಟೆಯ ಸೊಪ್ಪನ್ನು ಕೂಡ. ಒಂದು ಮಧ್ಯಾಹ್ನ ಅಕ್ಕ ತುಕ್ಕು ಹಿಡಿದ ಡಬ್ಬಿಯಲ್ಲಿ ಪುಟ್ಟದೊಂದು ಗಿಡ ತಂದು ಅವಳ ಎದುರಿಗಿಟ್ಟಳು. ಆ ಗಿಡಕ್ಕೂ ಇದಕ್ಕೂ ನಂಟಿಲ್ಲ ಕೂಸೇ, ಇದು ಏಳು ಬೆಟ್ಟದಾಚೆಯದು, ದೊಡ್ಡ ಬಂಡೆ ಹತ್ತಿ ನಿನಗೋಸ್ಕರ ತಂದಿದ್ದೀನಿ, ಇದಕ್ಕೆ ಮುಳ್ಳು ಅಂದರೆ ಏನೆಂದೇ ಗೊತ್ತಿಲ್ಲ, ಬೇಕಾದರೆ ಮುಟ್ಟಿ ನೋಡು ಎಂದಿದ್ದಳು. ತಂಗಿ ಬಹಳ ಹೊತ್ತು ನೋಡಿ, ಒಂದು ಬೆರಳು ಚಾಚಿ, ಮುಟ್ಟಿದ್ದಳು. ಅದು ಗೀರಲಿಲ್ಲ. ಅವತ್ತೇ ಹಿತ್ತಲ ಬಾಗಿಲು ದಾಟಿದ್ದಳು.

ಅಮ್ಮ ಸುಡಿಸುವ ಮುಂಚೆಯೋ ಆಮೇಲೆಯೋ, ರಾಕ್ಷಸನ ಮೈಯಲ್ಲಿ ಎಲ್ಲೋ ಒಂದು ನುಣುಪು ಕೊಂಬೆಯನ್ನು ಹುಡುಗಿ ಅಕ್ಕ ಕಂಡಿದ್ದಳು. ಬಂಡೆಯ ಕಥೆ ಹುಟ್ಟಿದ್ದು ಹೆದರಿದ ಒಂದು ಮಗುವಿಗಾಗಿ. ಆಮೇಲೆ ಅಕ್ಕನೂ ಬೆಳೆದಳು, ಡಬ್ಬಿಯ ಗಿಡ ಕೇಂದ್ರದ ತೋಟ ಸೇರಿತು, ಅವಳ ಜೊತೆ ಬಂಡೆಯೂ ಬೆಳೆದು ಹೆಬ್ಬಾಗಿಲ ಫಲಕ ಹತ್ತಿತು. ಅದು ಸುಳ್ಳಾಗಬಾರದೆಂದು ಅಷ್ಟೂ ವರ್ಷ, ಪ್ರತಿ ಮುಂಜಾನೆ, ತಂಗಿಯ ಆ ಒಂದು ಬೆರಳು ಮತ್ತೆ ಎಂದಾದರೂ ಗಿಡದೊಳಗೆ ಚಾಚೀತೆಂದು, ಅವಳು ಒಳಗಿನ ಮುಳ್ಳನ್ನು ಕೀಳುತ್ತ ಬಂದಿದ್ದಳು. ಅವಳು ಸತ್ತಮೇಲೆ ಅದು ಎದ್ದಿತ್ತು.

ಗಿಡಗಳನ್ನು ಆರಿಸುವ ಸಭೆ ಮಾರನೆಯ ಬೆಳಿಗ್ಗೆ. ಉದ್ದ ಮೇಜಿನ ತುದಿಯಲ್ಲಿ ಮುಖ್ಯಸ್ಥರು. ಅವರು ಯಾವುದಕ್ಕೂ "ಹೂಂ" ಎಂಬ ಒಂದೇ ಉತ್ತರ ಕೊಡುವವರು, ಅದರಲ್ಲೇ ನೂರೆಂಟು ಬಗೆ. ಕೇಂದ್ರಕ್ಕೆ ಹೊಸದಾಗಿ ಸೇರಿದವರು ಮೊದಲ ವರ್ಷವೆಲ್ಲ ಆ ಹೂಂಗಳ ಅರ್ಥ ಕಲಿಯುವುದರಲ್ಲೇ ಕಳೆಯುತ್ತಿದ್ದರು. ಅಕ್ಕನ ಗಿಡದ ಸರದಿ ಬಂದಾಗ ಅವರು ಕನ್ನಡಕ ತೆಗೆದಿಟ್ಟು, ಅಪರೂಪಕ್ಕೆ ಪೂರಾ ವಾಕ್ಯಗಳನ್ನೇ ಆಡಿದರು. ಎರಡರ ಅಚ್ಚೂ ಒಂದೇ. ಕೊನೆಯ ಸಾಲಿನದು ಗಟ್ಟಿಮುಟ್ಟಾಗಿದೆ, ಸತ್ವವೂ ಈಗ ಅದರದ್ದೇ ಜಾಸ್ತಿ. ಅಕ್ಕನದು ಇಳಿಮುಖ. ಉಳಿಸಬೇಕಾದದ್ದು ಯಾವುದೆಂದು ತಾವು ಹೇಳಬೇಕಾಗಿಲ್ಲ, ತಮಗೂ ಬೇಸರವಿದೆ ಎಂದರು.

ಮೇಸ್ತ್ರಿ ತಂಗಿಯ ಕಡೆ ಬಾಗಿದ. ಎಲೆ ತಂದದ್ದು ತಾನೇ, ಅದಲುಬದಲಾಯಿತು ಎಂದುಬಿಡಿ, ಬೈಸಿಕೊಳ್ಳಲು ಈ ಮೀಸೆ ಸಿದ್ಧವಿದೆ ಎಂದು ಕಿವಿಯಲ್ಲಿ ಪಿಸುಗುಟ್ಟಿದ. ಅದೊಂದು ಮಾತು ಆಡಿದ್ದರೆ ಎಲ್ಲರೂ ನಂಬುತ್ತಿದ್ದರು. ಬಂಡೆ ಉಳಿಯುತ್ತಿತ್ತು, ಫಲಕ ಉಳಿಯುತ್ತಿತ್ತು, ಅಕ್ಕನ ಗಿಡ ಲಾರಿ ಹತ್ತುತ್ತಿತ್ತು. ಹೊಸ ಜಾಗದಲ್ಲಿ ಅದರೊಳಗಿನ ಮುಳ್ಳು ಯಾರಿಗೂ ಗೊತ್ತಿಲ್ಲದೆ ಏಳುತ್ತಿತ್ತು, ಒಂದೆರಡು ವರ್ಷದಲ್ಲಿ ಅಕ್ಕನನ್ನು ತಿಂದು ಮುಗಿಸುತ್ತಿತ್ತು.

"ಅದಲುಬದಲಾಗಿಲ್ಲ," ಎಂದಳು ತಂಗಿ. "ಎರಡೂ ಒಂದೇ. ಅಕ್ಕ ಯಾವ ಬಂಡೆನೂ ಹತ್ತಿಲ್ಲ. ಇದು ನಮ್ಮ ಹಿತ್ತಲಿನ ಗಿಡ. ಫಲಕ ಇಳಿಸಿಬಿಡಿ."

ಕಿಟಕಿಯ ಗಾಜಿಗೆ ಬಡಿಯುತ್ತಿದ್ದ ನೊಣ ಕೂಡ ಕುಳಿತು ಕೇಳಿತು. ಅವಳು ಮೇಜಿನ ಮೇಲೆ ಎರಡು ತುಂಡು ಇಟ್ಟಳು: ಒಂದೇ ಬುಡದಿಂದ ತಂದ ನುಣುಪು ಬಳ್ಳಿ, ಮುಳ್ಳಿನ ಚಿಗುರು. ನುಣುಪು ಬಳ್ಳಿಯ ಹೊರಪದರವನ್ನು ಉಗುರಿನಿಂದ ಎಬ್ಬಿಸಿ ತೋರಿಸಿದಳು. ಮೇಲಿನದೊಂದು, ಒಳಗಿನದೊಂದು ಎಂದಳು. ಕೊನೆಯ ಸಾಲಿನ ಮುಳ್ಳುಗಿಡ ಒಯ್ದರೆ ಮುಳ್ಳುಗಿಡ ಮಾತ್ರ ಬರುತ್ತದೆ, ಈ ಮೇಲಿನ ಚರ್ಮ ಲೋಕದಲ್ಲಿ ಇನ್ನೆಲ್ಲೂ ಸಿಗುವುದಿಲ್ಲ. ಅಕ್ಕನದನ್ನು ಒಯ್ದರೆ ಒಂದೇ ಕುಂಡದಲ್ಲಿ ಎರಡೂ ಬಂದ ಹಾಗೆ; ಮುಳ್ಳಿನದು ಬೇಕೆಂದ ದಿನ ಬೇರಿನ ಒಂದು ತುಂಡು ನೆಟ್ಟರಾಯಿತು. ಚಿಕ್ಕ ಜಾಗದಲ್ಲಿ ಹೆಚ್ಚು ಬಗೆ ಉಳಿಸಬೇಕೆಂದು ತಾನೇ ಈ ಸಭೆ? ಅವಳ ದನಿ ಎಲ್ಲೂ ಏರಲಿಲ್ಲ, ಆದರೆ ಕೈ ತಾನಾಗಿಯೇ ಸೊಂಟಕ್ಕೆ ಹೋಗಿ ಕುಳಿತಿತ್ತು. ಮುಖ್ಯಸ್ಥರು ಅಂಗಿಯ ಗುಂಡಿ ಮುಟ್ಟಿಕೊಂಡರು.

"ಸತ್ವ ಬಿದ್ದುಹೋಗಿದೆಯಲ್ಲಮ್ಮ?"

"ಕೀಳೋರು ಇಲ್ಲದೆ ಬಿದ್ದಿದೆ ಸಾರ್. ದಿನಾ ಬೆಳಿಗ್ಗೆ ಕೀಳಬೇಕು. ಒಂದು ದಿನ ಬಿಟ್ಟರೂ ಒಳಗಿನದು ಎದ್ದುಬಿಡುತ್ತೆ."

"ಯಾರು ಕೀಳ್ತಾರೆ?"

"ನಾನು."

"ಹೂಂ," ಎಂದರು ಮುಖ್ಯಸ್ಥರು. ಅದು ಇಳಿದು ಏರಿದ ಹೂಂ. ಒಪ್ಪಿಗೆಯದು.

ಹೊರಡುವ ದಿನ ಅಕ್ಕನ ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ ಅಗೆದರು. ಕೊನೆಯ ಸಾಲಿನ ಮುಳ್ಳುಗಿಡಕ್ಕೆ ಬೆಂಕಿ ಬಿತ್ತು. ಅದು ಉರಿಯುವುದನ್ನು ತಂಗಿ ನಿಂತು ನೋಡಿದಳು. ಹಿಂದೊಮ್ಮೆ ಉರಿದದ್ದನ್ನು ಅವಳು ಅಮ್ಮನ ಸೊಂಟದ ಮೇಲೆ ಕೂತು ನೋಡಿದ್ದಳು, ಅವತ್ತೂ ಅದು ಸತ್ತಿರಲಿಲ್ಲ. ಅಗೆದ ಗುಂಡಿಗಳಲ್ಲಿ ಬೇರಿನ ತುಣುಕುಗಳು ಉಳಿದವು. ಮೇಲೆ ಹೆದ್ದಾರಿ ಬರುತ್ತದೆ. ಡಾಂಬರು ಎಷ್ಟು ದಪ್ಪ ಹಾಕಿದರೂ ಒಂದು ದಿನ ಅದನ್ನು ಸೀಳಿಕೊಂಡು ಮುಳ್ಳಿನ ಮೊನೆ ಮೇಲೆ ಬಂದೇ ಬರುತ್ತದೆ, ಬಂದು ಲಾರಿಗಳ ಚಕ್ರಕ್ಕೆ ಕಾಯುತ್ತದೆ.

ಉಳಿದ ಕುಂಡಗಳೆಲ್ಲ ಲಾರಿಯ ಹಿಂದೆ, ಅಕ್ಕನ ಕುಂಡ ಮುಂದೆ, ಭಾವನ ಮತ್ತು ತಂಗಿಯ ನಡುವೆ. ದಾರಿಯುದ್ದಕ್ಕೂ ತಿರುವು ಬಂದಾಗಲೆಲ್ಲ ಭಾವ ಒಂದು ಕೈ ಚಾಚಿ ಕುಂಡ ಬೀಳದಂತೆ ಹಿಡಿದುಕೊಳ್ಳುತ್ತಿದ್ದ, ಪಕ್ಕದ ಸೀಟಿನಲ್ಲಿ ನಿದ್ದೆಹೋದವರನ್ನು ಹಿಡಿಯುವ ಹಾಗೆ. ಇಳಿಯುವಾಗ ತಂಗಿಯ ಮಡಿಲಿನಲ್ಲಿದ್ದ ಕೈಗವಸು ನೋಡಿ, ಅದನ್ನು ನೀನೇ ಇಟ್ಟುಕೋ ಎಂದ.

ಹೊಸ ಜಾಗದಲ್ಲಿ ಗಿಡ ಚಿಗುರುವ ತನಕ ಅವಳು ದಿನವೂ ಎಲ್ಲರಿಗಿಂತ ಮೊದಲು ಎದ್ದು ಬಂದಳು. ನುಣುಪು ಬಳ್ಳಿ ಮತ್ತೆ ಕುಡಿಯೊಡೆಯಿತು. ಕೆಲವು ದಿನಗಳ ನಂತರ ಒಂದು ಬೆಳಿಗ್ಗೆ, ಬುಡದ ಪಕ್ಕ, ಮಣ್ಣು ಒಂದಿಷ್ಟು ಬಿರಿದಿತ್ತು. ಬಿರುಕಿನೊಳಗಿಂದ ಕೆಂಪಗಿನ ಒಂದು ಮೊನೆ ಇಣುಕುತ್ತಿತ್ತು. ಇನ್ನೂ ಮೆತ್ತಗಿತ್ತು, ಮುಳ್ಳುಗಳು ಕೂಸಿನ ಹಲ್ಲಿನಂತಿದ್ದವು. ಅವಳು ಕೈಗವಸು ಹಾಕಿಕೊಂಡು ಮಂಡಿಯೂರಿ ಅದನ್ನು ಬುಡದಲ್ಲಿ ಹಿಡಿದಳು. ಹಿಡಿದವಳು ತಕ್ಷಣ ಕೀಳಲಿಲ್ಲ. ಅದಕ್ಕೆ ಬಂಡೆಯ ಕಥೆ ಹೇಳತೊಡಗಿದಳು. ಕರಡಿ ಬಂತು, ಹದ್ದು ಬಂತು. ಹಿಮ ಬೀಳುವಲ್ಲಿಗೆ ಬಂದಾಗ ಅದು ಸಾಲದೆನಿಸಿ ಬಂಡೆಯ ನೆತ್ತಿಯ ಮೇಲೊಂದು ಕೆರೆಯನ್ನೂ ಇಟ್ಟಳು, ಕೆರೆಯ ತುಂಬ ನೀಲಿ ಮೀನು. ಕಥೆ ಮುಗಿಯುತ್ತಲೇ ಮೊನೆಯನ್ನು ಎಳೆದಳು. ಕೈಗವಸಿನ ಹೊಲಿಗೆ ಬಿಟ್ಟಲ್ಲಿ, ಹೆಬ್ಬೆರಳಿಗೆ, ಒಂದು ಮುಳ್ಳು ಚುಚ್ಚಿತು.

ಹಿಂದೆ ಯಾರೋ ನಡೆದುಬರುವ ಸದ್ದಾಯಿತು, ಆಮೇಲೆ ಸದ್ದು ನಿಂತಿತು. ಮೇಸ್ತ್ರಿ. ಮಂಜಿನಲ್ಲಿ ಬಗ್ಗಿದ ಬೆನ್ನು, ಚರ್ಮದ ಕೈಗವಸು, ಗಿಡದ ಜೊತೆಗಿನ ಗೊಣಗಾಟ, ಇಷ್ಟೇ ಅವನಿಗೆ ಕಂಡದ್ದು, ಕೇಳಿದ್ದು.

"ಅಕ್ಕಾವ್ರೇ?" ಎಂದ ಅವನು, ಉಸಿರಿಗಿಂತ ಸ್ವಲ್ಪವೇ ಜೋರಾಗಿ.

ಅವಳು ತಿರುಗಲಿಲ್ಲ. ಬಿರಿದ ಮಣ್ಣನ್ನು ಬೆರಳಿನಿಂದ ಮುಚ್ಚಿ ತಟ್ಟಿದಳು.

"ಹೂಂ," ಎಂದಳು. "ಏನು?"